ಕಾಂಗೋ ಜನಸಂಖ್ಯೆಗೆ ಎರಡು ಲೆಕ್ಕ ಯಾಕೆ?

ಕಾಂಗೋದ ತಲಾ ಆದಾಯದ ಚಾರ್ಟ್ ಮಾಡುವಾಗ ಜನಸಂಖ್ಯೆಗೆ ಎರಡು ಸಂಖ್ಯೆ ಸಿಕ್ಕಿತು, ಯಾವುದು ಸರಿ ಅಂತ ಕೇಳಿದ್ದೀರಿ. ನೀವು ತಪ್ಪು ಓದಿಲ್ಲ. 2023ಕ್ಕೆ ಒಂದು ಕಡೆ 10.2 ಕೋಟಿ, ಇನ್ನೊಂದು ಕಡೆ 10.6 ಕೋಟಿ ಅಂತ ಸಿಕ್ಕಿದ್ದು ಬಹುಶಃ ವಿಶ್ವಸಂಸ್ಥೆಯ ಹಳೇ ಮತ್ತು ಹೊಸ ಅಂದಾಜುಗಳು. ಕಿನ್ಶಾಸಾ ರಾಜಧಾನಿಯಾಗಿರುವ ಕಾಂಗೋದಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ಆಗ ಸುಮಾರು 3 ಕೋಟಿ ಜನ ಇದ್ದರು. ಆಮೇಲಿನದ್ದೆಲ್ಲ ಸಮೀಕ್ಷೆ, ಜನನ ಮರಣಗಳ ದರ ಇಟ್ಟುಕೊಂಡು ಕಟ್ಟಿದ ಲೆಕ್ಕ. ಪ್ರತಿ ಹೊಸ ಆವೃತ್ತಿಯಲ್ಲಿ ಹಳೇ ವರ್ಷಗಳ ಸಂಖ್ಯೆಯೂ ಬದಲಾಗುತ್ತದೆ. ಯಾವುದು ನಿಜ ಅಂತ ಖಚಿತವಾಗಿ ಯಾರೂ ಹೇಳಲಾರರು.

ಮೊದಲು ದೇಶ ಸರಿಯಾಗಿದೆಯಾ ನೋಡಿ. ನದಿಯ ಆಚೆ ದಡದ ಬ್ರಾಝಾವಿಲ್ ಕಾಂಗೋ ಬೇರೆ ದೇಶ, ತೈಲ ನಂಬಿಕೊಂಡ ಸಣ್ಣ ದೇಶ. 1971ರಿಂದ 1997ರವರೆಗಿನದ್ದು ಬೇಕಿದ್ದರೆ ಝೈರ್ ಅಂತ ಹುಡುಕಿ, ಕಿನ್ಶಾಸಾ ಕಾಂಗೋಗೆ ಆಗ ಇದ್ದ ಹೆಸರು ಅದು.

ಆಮೇಲೆ ಜನಸಂಖ್ಯೆ, ಜಿಡಿಪಿ ಎರಡನ್ನೂ ಒಂದೇ ಕಡೆಯಿಂದ, ಒಂದೇ ದಿನ ಇಳಿಸಿಕೊಳ್ಳಿ. ವಿಶ್ವ ಬ್ಯಾಂಕ್ ಸಾಕು. ಇದು ಯಾಕೆ ಮುಖ್ಯ ಅಂದ್ರೆ, ತಲಾ ಆದಾಯ ಅನ್ನೋದು ಬರೀ ಭಾಗಾಕಾರ, ಜಿಡಿಪಿಯನ್ನು ಜನಸಂಖ್ಯೆಯಿಂದ ಭಾಗಿಸೋದು. ಜನಸಂಖ್ಯೆಯನ್ನು ಬೇರೆ ಕಡೆಯಿಂದ ತಂದರೆ ಉತ್ತರ ತಪ್ಪುತ್ತದೆ. ಜಿಡಿಪಿ ಆಯಾ ವರ್ಷದ ಡಾಲರ್ ಬೆಲೆಯದ್ದೋ, ಕೊಳ್ಳುವ ಶಕ್ತಿಗೆ ಹೊಂದಿಸಿದ್ದೋ ಅಂತಲೂ ನೋಡಿ. ಎರಡನೆಯದು ಜಾಸ್ತಿ ಬರುತ್ತದೆ, ಬೆರೆಸಬೇಡಿ.

ಒಂದು ವಿನಂತಿ, ಸರಾಸರಿ ಕೊಟ್ಟು ಸುಮ್ನೆ ಬಿಡಬೇಡಿ. ಬ್ಯಾಟರಿಗೆ ಬಳಸುವ ಕೋಬಾಲ್ಟ್ ಲೋಹ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಬರುವುದು ಈ ದೇಶದ ದಕ್ಷಿಣದ ಕೊಲ್ವೇಝಿ, ಲುಬುಂಬಾಶಿ ಊರುಗಳ ಸುತ್ತಲಿನ ಗಣಿಗಳಿಂದ. ಆದರೆ ಹೆಚ್ಚಿನ ಜನ ಬದುಕುವುದು ಮರಗೆಣಸು, ಮೆಕ್ಕೆಜೋಳದಂಥ ಬೆಳೆಗಳ ಬೇಸಾಯದಿಂದ. ಚಾರ್ಟ್ ಕೆಳಗೆ ಇದನ್ನೂ, ‘1984ರ ನಂತರದ್ದು ಅಂದಾಜು’ ಅಂತಲೂ ಬರೆಯಿರಿ.