ಕ್ಷಮಿಸಿದ ಮೇಲೆ ಹಣದ ಹೊಣೆಯನ್ನೂ ಮರಳಿ ಒಪ್ಪಿಸಬೇಕೇ?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಸೇರಿ ಒಂದು ಚಿಕ್ಕ ವ್ಯಾಪಾರ ನಡೆಸುತ್ತಿದ್ದೇವೆ. ಹಣಕಾಸಿನ ವ್ಯವಹಾರವೆಲ್ಲ ಅವನ ಕೈಯಲ್ಲಿತ್ತು. ವ್ಯಾಪಾರದ ಹಣವನ್ನು ಅವನು ನನಗೆ ತಿಳಿಸದೆ ತನ್ನ ಸ್ವಂತ ಸಾಲ ತೀರಿಸುವುದಕ್ಕೆ ಬಳಸಿಕೊಂಡಿದ್ದು ಲೆಕ್ಕ ನೋಡುವಾಗ ಗೊತ್ತಾಯಿತು. ಕೇಳಿದಾಗ ತಪ್ಪು ಒಪ್ಪಿಕೊಂಡು ಅತ್ತ. ನಾನು ಕ್ಷಮಿಸಿದ್ದೇನೆ ಎಂದೆ. ಈಗ ಹಣದ ಹೊಣೆ ಮತ್ತೆ ತನಗೇ ಬೇಕೆನ್ನುತ್ತಾನೆ. ನಾನು ಹಿಂಜರಿದರೆ, "ಅಣ್ಣಾ, ನೀನು ಬಾಯಿಮಾತಿಗೆ ಮಾತ್ರ ಕ್ಷಮಿಸಿದ್ದೀಯ" ಎನ್ನುತ್ತಾನೆ. ನಮ್ಮ ಸಭೆಯ ಹಿರಿಯರೊಬ್ಬರು ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂಬ ವಚನವನ್ನು ನೆನಪಿಸಿದರು. ಪ್ರಾರ್ಥನೆಗೆ ಕುಳಿತಾಗಲೂ ಸಿಟ್ಟು ಮರುಕಳಿಸುತ್ತದೆ. ನಾನು ನಿಜವಾಗಿ ಕ್ಷಮಿಸಿಲ್ಲವೇ?

ಉತ್ತರ: ನಿಮ್ಮ ತಮ್ಮನೂ ಆ ಹಿರಿಯರೂ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದು ಭಾವಿಸಿದ್ದಾರೆ, ನಿಮ್ಮ ಸಂಕಟಕ್ಕೆ ಅದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ತಮ್ಮನನ್ನು ಕ್ಷಮಿಸಬೇಕೇ ಎಂದರೆ, ಹೌದು, ಯಾವ ಷರತ್ತೂ ಇಲ್ಲದೆ ಕ್ಷಮಿಸಬೇಕು. ಹಣದ ಹೊಣೆಯನ್ನು ಕೂಡಲೇ ಅವನಿಗೆ ಒಪ್ಪಿಸಬೇಕೇ ಎಂದರೆ, ಹಾಗೆ ಒಪ್ಪಿಸಬೇಕೆಂದು ಸತ್ಯವೇದ ಎಲ್ಲಿಯೂ ನಿಮಗೆ ಆಜ್ಞಾಪಿಸುವುದಿಲ್ಲ.

ಆ ಹಿರಿಯರು ನೆನಪಿಸಿದ ವಚನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಎಷ್ಟು ಸಾರಿ ಕ್ಷಮಿಸಬೇಕೆಂದು ಕೇಳಿದ ಶಿಷ್ಯ ಪೇತ್ರನಿಗೆ ಉತ್ತರ ಕೊಟ್ಟ ಕೂಡಲೇ ಯೇಸು, ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿದ್ದ ಆಳಿನ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಹೇಳುತ್ತಾನೆ. ಒಂದು ತಲಾಂತು ಸುಮಾರು 6,000 ದಿನಾರಿಗೆ ಸಮ. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಅಂದರೆ ಆ ಆಳಿನ ಸಾಲ ಆರು ಕೋಟಿ ದಿನಗಳ ದುಡಿಮೆ. ಅದನ್ನು ಯಾರೂ ತೀರಿಸಲಾರರು. ಅಷ್ಟನ್ನು ಮನ್ನಾ ಮಾಡಿಸಿಕೊಂಡವನು ತನ್ನ ಜೊತೆಯ ಆಳಿನ ಕುತ್ತಿಗೆ ಹಿಡಿದದ್ದು ನೂರು ದಿನಾರಿಗಾಗಿ. ಈ ನೂರನ್ನು ನಾವು ಸಾಮಾನ್ಯವಾಗಿ ಚಿಲ್ಲರೆ ಹಣವೆಂದು ಓದಿಬಿಡುತ್ತೇವೆ, ಆದರೆ ಅದು ಮೂರು ತಿಂಗಳಿಗೂ ಮೀರಿದ ಕೂಲಿ. ನಿಮಗಾದ ನಷ್ಟ ಏನೂ ಅಲ್ಲವೆಂದು ಯೇಸು ಹೇಳುತ್ತಿಲ್ಲ. ನಷ್ಟ ನಿಜವೇ ಆದರೂ, ದೇವರಿಂದ ಅದಕ್ಕಿಂತ ಅಳತೆ ಮೀರಿದ ಮನ್ನಾ ಪಡೆದಿರುವ ನೀವು ತಮ್ಮನ ಕುತ್ತಿಗೆಯ ಮೇಲಿಂದ ಕೈ ತೆಗೆಯಬೇಕೆನ್ನುತ್ತಾನೆ. ಸೇಡು ತೀರಿಸಿಕೊಳ್ಳುವ ಹಕ್ಕನ್ನು ದೇವರಿಗೆ ಬಿಟ್ಟುಕೊಡಿರಿ ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದದ್ದೂ ಇದನ್ನೇ. ಆದರೆ ಆ ಸಾಮ್ಯದಲ್ಲಿ ಅರಸನು ಸಾಲವನ್ನು ಬಿಟ್ಟನೇ ಹೊರತು, ತನ್ನ ಬೊಕ್ಕಸವನ್ನು ಆ ಆಳಿನ ವಶಕ್ಕೆ ಕೊಟ್ಟನೆಂದು ಹೇಳಿಲ್ಲ.

ಹಣದ ವಿಷಯದಲ್ಲಿ ಪೌಲನು ಸ್ವತಃ ಹೇಗೆ ನಡೆದುಕೊಂಡನೆಂಬುದನ್ನು ನೀವಿಬ್ಬರೂ ಒಟ್ಟಿಗೆ ಓದಬೇಕೆಂಬುದು ನನ್ನ ಆಸೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಭೆಗಳಿಂದ ಸಂಗ್ರಹವಾದ ಕಾಣಿಕೆಯನ್ನು ಅವನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಜೊತೆಗೆಲಸದ ತೀತನ ಜೊತೆಗೆ, ಸಭೆಗಳೇ ಆರಿಸಿ ನೇಮಿಸಿದ ಸಹೋದರನನ್ನೂ ಸೇರಿಸಿಕೊಂಡನು. ಕಾರಣವನ್ನೂ ಮುಚ್ಚಿಡದೆ, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಮ್ಮ ನಡತೆ ಸರಿಯಾಗಿ ಕಾಣಬೇಕು ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ 8ನೇ ಅಧ್ಯಾಯದಲ್ಲಿ ವಿವರಿಸಿದನು. ಅಪೊಸ್ತಲನೇ ತನ್ನ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದು ಬಯಸಿದ ಮೇಲೆ, ಒಮ್ಮೆ ಎಡವಿದ ನಿಮ್ಮ ತಮ್ಮನಿಗೆ ಅದು ಅವಮಾನ ಹೇಗಾದೀತು? ಆದ್ದರಿಂದ ಬ್ಯಾಂಕಿನ ವ್ಯವಹಾರಕ್ಕೆ ಇಬ್ಬರ ಸಹಿಯೂ ಇರಲಿ, ಲೆಕ್ಕವನ್ನು ತಿಂಗಳಿಗೊಮ್ಮೆ ಇಬ್ಬರೂ ಕುಳಿತು ನೋಡಿರಿ. ಈ ನಿಯಮ ಅವನಿಗೆ ಮಾತ್ರವಲ್ಲದೆ ನಿಮಗೂ ಅನ್ವಯಿಸಲಿ. ಆಗ ಅದು ಶಿಕ್ಷೆಯಾಗಿ ಕಾಣುವುದಿಲ್ಲ.

ನಂಬಿಕೆ ಮರಳಿ ಬೆಳೆಯಬಲ್ಲದು ಎಂಬುದಕ್ಕೆ, ಪೌಲ ಮತ್ತು ಬಾರ್ನಬರ ಜೊತೆ ಸುವಾರ್ತಾ ಪ್ರಯಾಣಕ್ಕೆ ಹೊರಟಿದ್ದ ಮಾರ್ಕನ ಕಥೆ ಸಾಕ್ಷಿ. ಪಂಫುಲ್ಯದಲ್ಲಿ ತಮ್ಮನ್ನು ಬಿಟ್ಟುಹೋದವನನ್ನು ಮುಂದಿನ ಪ್ರಯಾಣಕ್ಕೆ ಕರೆದುಕೊಂಡು ಹೋಗಲು ಪೌಲನು ಒಪ್ಪಲಿಲ್ಲ. ಆ ವಿಷಯಕ್ಕಾಗಿ ಬಾರ್ನಬನಿಂದಲೇ ಅಗಲಿದನು. ಆದರೆ ತಿಮೊಥೆಗೆ ಬರೆದ ಎರಡನೇ ಪತ್ರಿಕೆಯ ಕೊನೆಯಲ್ಲಿ ಅದೇ ಮಾರ್ಕನನ್ನು ಕರೆತರುವಂತೆ ಹೇಳಿ, ಅವನು ನನ್ನ ಸೇವೆಗೆ ಉಪಯುಕ್ತನು ಎನ್ನುತ್ತಾನೆ. ನಡುವೆ ವರ್ಷಗಳು ಕಳೆದಿದ್ದವು, ಮಾರ್ಕನು ದುಡಿದಿದ್ದನು.

ನಿಮ್ಮ ಪತ್ರದಲ್ಲಿ ಒಂದು ಮಾತು ಕಾಣಲಿಲ್ಲ: ತಮ್ಮ ಆ ಹಣವನ್ನು ಹಿಂದಿರುಗಿಸಲು ಆರಂಭಿಸಿದ್ದಾನೆಯೇ? ಸುಂಕ ವಸೂಲಿಯವನಾದ ಜಕ್ಕಾಯನು ಯೇಸುವಿನ ಮುಂದೆ ಪಶ್ಚಾತ್ತಾಪಪಟ್ಟಾಗ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಯಾರೂ ಕೇಳುವ ಮೊದಲೇ ಹೇಳಿದನು. ನಿಮಗೆ ನಾಲ್ಕರಷ್ಟು ಬೇಕಿಲ್ಲ. ಆದರೂ ಅವನ ಕೈಲಾದಷ್ಟು ಕಂತುಗಳಲ್ಲಿ ಅಸಲನ್ನು ಕೇಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಮರುಪಾವತಿ ಅವನ ಮನಸ್ಸಿಗೂ ಒಳ್ಳೆಯದನ್ನೇ ಮಾಡುತ್ತದೆ. ಅವನಿಗೆ ನಿಜಕ್ಕೂ ಶಕ್ತಿಯಿಲ್ಲದಿದ್ದರೆ ಬಿಟ್ಟುಬಿಡುವ ಸ್ವಾತಂತ್ರ್ಯವೂ ನಿಮಗಿದೆ.

ಇಷ್ಟು ಹೇಳಿದ ಮೇಲೆ ನಿಮ್ಮನ್ನೂ ಎಚ್ಚರಿಸಬೇಕು. ಎಚ್ಚರಿಕೆಯ ವೇಷದಲ್ಲಿ ಸೇಡು ಬಹಳ ಸುಲಭವಾಗಿ ಮನೆ ಸೇರುತ್ತದೆ. ಅವನ ತಪ್ಪನ್ನು ಸಂಬಂಧವಿಲ್ಲದವರ ಮುಂದೆ ಹೇಳುತ್ತಿದ್ದೀರಾ? ಬೇರೆ ವಿಷಯಕ್ಕೆ ಜಗಳವಾದಾಗ ಈ ಹಣವನ್ನು ಎತ್ತಿ ಆಡುತ್ತೀರಾ? ಅವನು ಎಷ್ಟೇ ನೆಟ್ಟಗೆ ನಡೆದರೂ ಹೊಣೆ ಮರಳಿ ಸಿಗುವ ದಾರಿಯನ್ನೇ ಮುಚ್ಚಿಟ್ಟಿದ್ದೀರಾ? ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ, ಆ ಮಟ್ಟಿಗೆ ತಮ್ಮನ ದೂರು ನ್ಯಾಯವೇ.

ಸಿಟ್ಟು ಮರುಕಳಿಸುವ ವಿಷಯಕ್ಕೆ ಬರುತ್ತೇನೆ. ಯೋಸೇಫನು ಹಿಂದೆ ತನ್ನನ್ನು ಗುಲಾಮನಾಗಿ ಮಾರಿದ್ದ ಅಣ್ಣಂದಿರನ್ನು ಅಪ್ಪಿಕೊಂಡು ಐಗುಪ್ತದಲ್ಲಿ ನೆಲೆಗೊಳಿಸಿದನು. ತಂದೆ ಯಾಕೋಬನು ಅಲ್ಲಿ 17 ವರ್ಷ ಬದುಕಿ ತೀರಿಕೊಂಡ ಮೇಲೆ, ಅಣ್ಣಂದಿರು ಭಯಪಟ್ಟು ಮತ್ತೆ ಕ್ಷಮೆ ಬೇಡಿ ಹೇಳಿಕಳುಹಿಸಿದಾಗ ಅವನು ಅತ್ತನೆಂದು ಆದಿಕಾಂಡದ 50ನೇ ಅಧ್ಯಾಯ ಹೇಳುತ್ತದೆ. ಅಷ್ಟು ವರ್ಷಗಳ ಮೇಲೂ ಆ ಹಳೆಯ ಸಂಗತಿ ಅವನನ್ನು ಕಲಕಿತು. ಅವನು ಕ್ಷಮಿಸಿರಲಿಲ್ಲವೆಂದು ಯಾರು ಹೇಳುತ್ತಾರೆ? ನಾನು ದೇವರ ಸ್ಥಾನದಲ್ಲಿದ್ದೇನೆಯೇ ಎಂದು ಕೇಳಿ, ಅವರ ಮಕ್ಕಳನ್ನೂ ಪೋಷಿಸುವೆನೆಂದು ಮಾತುಕೊಟ್ಟನು. ನೋವು ಮರಳಿ ಬಂದಾಗ ಅದನ್ನು ದೇವರಿಂದ ಮರೆಮಾಚಬೇಡಿರಿ. ಕೀರ್ತನೆಗಳನ್ನು ಬರೆದವರು ತಮ್ಮ ಸಿಟ್ಟನ್ನು ಪ್ರಾರ್ಥನೆಯೊಳಗೇ ಸುರಿದರು. ನೀವೂ ಅದನ್ನು ಹೆಸರಿಟ್ಟು ಹೇಳಿ, ಅದೇ ಪ್ರಾರ್ಥನೆಯಲ್ಲಿ ತಮ್ಮನ ಸಾಲ, ಅವನ ಮನೆಯವರು, ಅವನ ನಾಚಿಕೆ ಇವುಗಳಿಗಾಗಿಯೂ ಬೇಡಿಕೊಳ್ಳಿರಿ.

ಇನ್ನು ತಮ್ಮನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿರಿ. ಆ ತಪ್ಪಿಗಾಗಿ ಅವನನ್ನು ಎಂದೂ ದಂಡಿಸುವುದಿಲ್ಲವೆಂದು ಮೊದಲು ಹೇಳಿ, ಬಳಿಕ ಲೆಕ್ಕದ ಹೊಸ ಕ್ರಮವನ್ನೂ, ಹೊಣೆ ಹಂತಹಂತವಾಗಿ ಅವನ ಕೈಗೆ ಮರಳುವ ಬಗೆಯನ್ನೂ ವಿವರಿಸಿರಿ. ಅವನು ಒಪ್ಪಿದರೆ ಅದನ್ನು ಬರೆದಿಡಿರಿ. ಒಪ್ಪದಿದ್ದರೆ, ಇಬ್ಬರು ಮೂವರ ಸಾಕ್ಷಿಯನ್ನು ಕುರಿತು ಅದೇ 18ನೇ ಅಧ್ಯಾಯ ಹೇಳುವಂತೆ, ನಿಮಗೆ ವಚನವನ್ನು ನೆನಪಿಸಿದ ಆ ಹಿರಿಯರನ್ನೇ ನಿಮ್ಮಿಬ್ಬರ ನಡುವೆ ಕುಳಿತು ಮಾತಾಡುವಂತೆ ಕೇಳಿಕೊಳ್ಳಿರಿ.