ಸೀಟು ಬುಕ್ ಮಾಡಿ ಕೂರುವ ಆಫೀಸಿನಲ್ಲಿ ಐಟಿ ಸಾಮಾನಿನ ಲೆಕ್ಕ ಇಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಉಡುಪಿಯ ನಿಮ್ಮ ಆಫೀಸಿನಲ್ಲಿ 90 ಜನ, ಎಪ್ರಿಲ್‌ನಿಂದ ಮೇಜು ಬರೀ 55, ಆ್ಯಪ್‌ನಲ್ಲಿ ಬುಕ್ ಮಾಡಿದವರಿಗೆ ಸೀಟು. ಈಗಿನ ಎಕ್ಸೆಲ್ ರಿಜಿಸ್ಟರ್‌ನಲ್ಲಿ "ಯಾರ ಹತ್ತಿರ ಏನುಂಟು" ಅಂತ ಒಂದು ಕಾಲಂ ಇದೆ, ಅದು ಸಾಕಾ?

ಸಾಕಾಗುವುದಿಲ್ಲ ಮಾರಾಯ್ರೆ. ನಾನು ಮಂಗಳೂರಲ್ಲಿ, ಬಿಜೈ ಕಡೆಯ ಒಂದು ಕಂಪನಿಯಲ್ಲಿ ಐಟಿ ನೋಡಿಕೊಳ್ಳುವವ. ಎರಡು ವರ್ಷದ ಹಿಂದೆ ನಾವು ಇದೇ ದಾರಿ ಹಿಡಿದೆವು, ನಾನೂ ಅದೇ ಒಂದು ಕಾಲಂ ನಂಬಿ ಕೂತಿದ್ದೆ.

ಮೊದಲು ಆ ರಿಜಿಸ್ಟರನ್ನು ಎರಡು ಮಾಡಿ. ಲ್ಯಾಪ್‌ಟಾಪ್, ಚಾರ್ಜರ್, ಹೆಡ್‌ಸೆಟ್ ಜನರ ಹೆಸರಿಗೆ. ಮಾನಿಟರ್, ಡಾಕ್ (ಒಂದೇ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಮಾನಿಟರ್, ಲ್ಯಾನ್, ಚಾರ್ಜ್ ಎಲ್ಲ ಕೊಡುವ ಪೆಟ್ಟಿಗೆ), ಕೀಬೋರ್ಡ್, ಮೌಸ್, ಕೇಬಲ್ ಮೇಜಿನ ನಂಬರಿಗೆ. ಹೆಡ್‌ಸೆಟ್ಟನ್ನು ಮೇಜಿಗೆ ಬಿಟ್ಟು ಉಳಿತಾಯ ಮಾಡುವ ಅಂತ ಮೇಲಿನವರು ಹೇಳ್ತಾರೆ, ಒಪ್ಪಬೇಡಿ. ಇನ್ನೊಬ್ಬರ ಕಿವಿಯ ಬೆವರು ಯಾರಿಗೂ ಬೇಡ, ಅದರಲ್ಲೂ ನಮ್ಮ ಸೆಕೆಯಲ್ಲಿ.

ಇಷ್ಟು ಯಾರು ಬೇಕಾದರೂ ಹೇಳ್ತಾರೆ. ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಬೇರೆ: ಕೆಟ್ಟದ್ದನ್ನು ಹೇಳುವವರೇ ಇಲ್ಲದೆ ಹೋದರು. ಸ್ವಂತ ಮೇಜು ಇದ್ದಾಗ ಸ್ಕ್ರೀನ್ ಸ್ವಲ್ಪ ಮಿಣುಕಿದರೂ ಒಂಬತ್ತೂ ಐದಕ್ಕೆ ನನಗೆ ಫೋನ್ ಬರ್ತಿತ್ತು. ಈಗ ಪಕ್ಕದ ಮೇಜಿಗೆ ಹೋಗಿ ಕೂರ್ತಾರೆ, ಅಷ್ಟೇ.

ನಮ್ಮ 14ನೇ ಮೇಜು ಪಶ್ಚಿಮದ ಕಿಟಕಿ ಪಕ್ಕ. ತೆಂಗಿನ ತಲೆಗಳ ಮೇಲೆ ಸಮುದ್ರದ ಒಂದು ಗೆರೆ ಕಾಣ್ತದೆ, ಶುರುವಿನ ತಿಂಗಳು ಅದಕ್ಕೇ ಪೈಪೋಟಿ. ಮಳೆಗಾಲದಲ್ಲಿ ಒಂದು ದಿನ ಕ್ಲೀನಿಂಗಿನ ಅಕ್ಕ ಬಂದು, "ಸರ್, 14 ಒರೆಸ್ಲಿಕ್ಕೇ ಇಲ್ಲ. ಮೂರು ವಾರದಿಂದ ಒಂದು ಚಾಯದ ಕಲೆ ಸಹ ಇಲ್ಲ" ಅಂದ್ರು. ಹೋಗಿ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಸ್ಕ್ರೀನ್ ಬಂತು, ಇಪ್ಪತ್ತು ಸೆಕೆಂಡಿಗೆ ಹೋಯ್ತು, ಮತ್ತೆ ಬಂತು. ಟೈಪ್-ಸಿ ಕೇಬಲ್ ಕಿತ್ತು ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಪಿನ್‌ಗಳ ಮೇಲೆ ಹಸಿರು ಕಿಲುಬು. ಕಿಟಕಿ ತೆರೆದಿಟ್ಟು ಉಪ್ಪುಗಾಳಿ ಕುಡಿಸಿದ ಫಲ. ಅಕೌಂಟ್ಸ್‌ನ ಹುಡುಗಿಯನ್ನು ಕೇಳಿದರೆ, "ಓ ಅದಾ ಸರ್, ಅದು ಹಾಗೇ. ಎಲ್ಲರಿಗೂ ಗೊತ್ತುಂಟಲ್ಲ?" ಎಲ್ಲರಿಗೂ ಅಂದ್ರೆ ನನ್ನೊಬ್ಬನನ್ನು ಬಿಟ್ಟು.

ಆಮೇಲಿಂದ ಸೋಮವಾರ ಬೆಳಿಗ್ಗೆ ಬುಕಿಂಗ್ ಪಟ್ಟಿಯನ್ನು ನಾನು ಅಡಿಯಿಂದ ಓದುವುದು. ಎರಡು ವಾರ ಯಾರೂ ಮುಟ್ಟದ ಮೇಜು ಅಂದ್ರೆ ಒಂದೋ ಅಲ್ಲೇನೋ ಕೆಟ್ಟಿದೆ, ಇಲ್ಲ ಅದು ಮ್ಯಾನೇಜರ್ ಪಕ್ಕ ಉಂಟು. ಈ ಪಟ್ಟಿ ಹಿಡಿದ ದೋಷಗಳಷ್ಟು ದೂರು ಬರೆಸುವ ನಮ್ಮ ಟಿಕೆಟ್ ಸಿಸ್ಟಮ್ ಹಿಡಿದಿಲ್ಲ. ಕೃಷ್ಣಾಷ್ಟಮಿ, ಮರುದಿನದ ವಿಟ್ಲಪಿಂಡಿ ಉತ್ಸವದ ವಾರ ಮಾತ್ರ ಲೆಕ್ಕಕ್ಕೆ ಹಿಡೀಬೇಡಿ, ನಿಮ್ಮಲ್ಲಿ ಆಗ ಇಡೀ ಫ್ಲೋರೇ ಖಾಲಿ ಇರಬಹುದು. ಪ್ರತಿ ಮೇಜಿಗೂ ಒಂದು ಕ್ಯೂಆರ್ ಸ್ಟಿಕ್ಕರ್ ಸಹ ಅಂಟಿಸಿದ್ದೇವೆ, ಸ್ಕ್ಯಾನ್ ಮಾಡಿದರೆ "ಏನು ಕೆಟ್ಟಿದೆ" ಅಂತ ಮೂರೇ ಬಟನ್. ಫಾರ್ಮ್ ಉದ್ದ ಆದಷ್ಟೂ ಯಾರೂ ತುಂಬುವುದಿಲ್ಲ.

ಆದರೆ ಆ ಪಟ್ಟಿಯನ್ನು ಹಿಡಿದು "ಮೌಸ್ ಕಳೆದದ್ದು ನೀನೇ" ಅಂತ ಯಾರ ಮೇಲೂ ಹೋಗಬೇಡಿ. 9 ಬುಕ್ ಮಾಡಿ 22ರಲ್ಲಿ ಕೂರುವವರು ಬೇಕಾದಷ್ಟು ಜನ.

ನೆಟ್‌ವರ್ಕ್ ಕಡೆ ನಾನು ಮಾಡಿಕೊಂಡ ಎಡವಟ್ಟು ಹೇಳ್ತೇನೆ. ಡಾಕಿಗೆ ಲ್ಯಾನ್ ಕೇಬಲ್ ಹಾಕಿದ್ದರೆ ಲ್ಯಾನ್ ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ಚಿಗೆ ಸಾಮಾನ್ಯವಾಗಿ ಕಾಣುವುದು ಡಾಕಿನ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಉಪಕರಣದ ಗುರುತಿನ ನಂಬರು), ಲ್ಯಾಪ್‌ಟಾಪಿನದ್ದಲ್ಲ. ಬೆಳಿಗ್ಗೆ ಕೂತವನೂ ಮಧ್ಯಾಹ್ನ ಕೂತವಳೂ ಲಾಗ್‌ನಲ್ಲಿ ಒಂದೇ. ಡೆಲ್, ಎಚ್‌ಪಿ, ಲೆನೊವೊಗಳ ಆಫೀಸ್ ಮಾಡೆಲ್‌ಗಳ ಬಯಾಸ್‌ನಲ್ಲಿ, ಅಂದ್ರೆ ವಿಂಡೋಸಿಗೂ ಮೊದಲು ಏಳುವ ಒಳಗಿನ ಸೆಟ್ಟಿಂಗಿನಲ್ಲಿ, ಇದಕ್ಕೆ ಮ್ಯಾಕ್ ಪಾಸ್-ಥ್ರೂ ಅಂತ ಉಂಟು, ಡಾಕಿನ ಬದಲು ಲ್ಯಾಪ್‌ಟಾಪಿನ ವಿಳಾಸವನ್ನೇ ತೋರಿಸುವುದು. ಒಂದು ಶುಕ್ರವಾರ ಸಂಜೆ ಅದನ್ನು ಎಲ್ಲ ಲ್ಯಾಪ್‌ಟಾಪಿಗೂ ಆನ್ ಮಾಡಿ ಖುಷಿಯಲ್ಲಿ ಮನೆಗೆ ಹೋದೆ. ಸೋಮವಾರ ಒಬ್ಬರಿಗೂ ಲ್ಯಾನ್ ಇಲ್ಲ. ಸ್ವಿಚ್ಚಿನ ಪೋರ್ಟ್ ಸೆಕ್ಯುರಿಟಿ ಹಳೆ ಡಾಕಿನ ವಿಳಾಸವನ್ನೇ ನೆನಪಿಟ್ಟುಕೊಂಡು, ಬಂದವರನ್ನೆಲ್ಲ ಕಳ್ಳರು ಅಂತ ಬಾಗಿಲು ಹಾಕಿತ್ತು. ಈಗ 802.1ಎಕ್ಸ್ ಅನ್ನುವ ಗುರುತು ಪರೀಕ್ಷೆ ಹಾಕಿದ್ದೇವೆ, ಲ್ಯಾಪ್‌ಟಾಪಿನೊಳಗಿನ ಸರ್ಟಿಫಿಕೇಟ್ ನೋಡಿ ಒಳಗೆ ಬಿಡುವುದು, ಯಾವ ಮೇಜಾದರೂ ಸರಿ. ಡಿಎಚ್‌ಸಿಪಿ ಲೀಸ್ ಕೂಡ ನೋಡಿ, ಅಂದ್ರೆ ಸರ್ವರ್ ಒಂದು ಲ್ಯಾಪ್‌ಟಾಪಿಗೆ ಕೊಟ್ಟ ಐಪಿ ವಿಳಾಸ ಎಷ್ಟು ದಿನ ಅದರದ್ದೇ ಅಂತ. ವಿಂಡೋಸ್ ಸರ್ವರ್‌ನಲ್ಲಿ ಅದು ತಾನಾಗಿ 8 ದಿನ ಇರ್ತದೆ. ವಾರಕ್ಕೆ ಎರಡೇ ದಿನ ಬರುವವರ ಲ್ಯಾಪ್‌ಟಾಪ್ ಉಳಿದ ದಿನವೂ ಐಪಿ ಹಿಡಿದುಕೊಂಡೇ ಇರ್ತದೆ. ಒಂದು ದಿನಕ್ಕೆ ಇಳಿಸಿ.

ಡಾಕ್ ಆರ್ಡರ್ ಹಾಕುವ ಮೊದಲು ಎಲ್ಲ ಲ್ಯಾಪ್‌ಟಾಪ್ ಮಾಡೆಲ್‌ಗಳ ಪಟ್ಟಿ ಮಾಡಿ. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಲ್ಲಿ ವಿಡಿಯೋ ಬರಬೇಕು ಅಂತಿಲ್ಲ. ವ್ಯಾಟ್ ಸಹ ನೋಡಿ: 65 ವ್ಯಾಟಿನ ಡಾಕಿಗೆ ಡಿಸೈನ್‌ನವರ 100 ವ್ಯಾಟಿನ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಕೆಲಸ ಜೋರಾದ ಹಾಗೆ ಚಾರ್ಜ್ ಆಗ್ತಾ ಇದ್ದೇ ಬ್ಯಾಟರಿ ಇಳಿಯುತ್ತದೆ. ಇನ್ನು, ದೊಡ್ಡ ಮಾನಿಟರ್ ಒಳ್ಳೆ ಕಿಟಕಿಗೆ ತಾನಾಗಿ ನಡೆದು ಹೋಗ್ತದೆ! ಮೇಜಿನ ನಂಬರನ್ನೇ ಮಾನಿಟರ್ ಬೆನ್ನಿಗೂ ಡಾಕಿಗೂ ದೊಡ್ಡದಾಗಿ ಬರೆಯಿರಿ, ಆಗುವುದಾದರೆ ಎಲ್ಲ ಒಂದೇ ಅಳತೆಯದ್ದು ತಗೊಳ್ಳಿ.

ವರ್ಷದ ಸ್ಟಾಕ್ ಎಣಿಕೆಯಲ್ಲಿ ಮೇಜಿನ ಸಾಮಾನು ಒಂದು ಸಂಜೆಯ ಕೆಲಸ. ಲ್ಯಾಪ್‌ಟಾಪ್ ಹಾಗಲ್ಲ, ಅರ್ಧ ಮನೆಯಲ್ಲಿರ್ತದೆ. ಲ್ಯಾಪ್‌ಟಾಪ್‌ಗಳನ್ನು ದೂರದಿಂದ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ಕೊನೆಯ ಸಲ ಯಾವಾಗ ಕಂಡಿತು ಅಂತ ನೋಡಿ, ತಿಂಗಳಿಂದ ಕಾಣದ್ದಕ್ಕೆ ಮಾತ್ರ ಫೋನ್ ಮಾಡ್ತೇನೆ.

ಮತ್ತೆ ಗುಡುಗು. ಮನೆಯಲ್ಲಿ ಗುಡುಗು ಕೇಳಿದ ಕೂಡಲೇ ಅಮ್ಮ ಟಿವಿಯ ಪ್ಲಗ್ ಕೀಳುವುದು, ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾ? ಸ್ವಂತ ಮೇಜಿದ್ದಾಗ ಆಫೀಸಲ್ಲೂ ಹೋಗುವಾಗ ಪ್ಲಗ್ ಕಿತ್ತೇ ಹೋಗ್ತಿದ್ರು. ಈಗ ಯಾರೂ ಕೀಳುವುದಿಲ್ಲ, ಅವರದ್ದಲ್ಲವಲ್ಲ. ಕಳೆದ ಮೇಯಲ್ಲಿ ಒಂದೇ ಸಿಡಿಲಿಗೆ ನಾಲ್ಕು ಡಾಕಿನ ಲ್ಯಾನ್ ಪೋರ್ಟ್, ಎರಡು ಮಾನಿಟರ್ ಹೋಯ್ತು. ಈಗ ಸಾಲಿಗೊಂದು ಮೇನ್ ಸ್ವಿಚ್ ಹಾಕಿಸಿದ್ದೇವೆ. ಕೊನೆಯವರು ಹೋದ ಮೇಲೆ ಸೆಕ್ಯುರಿಟಿ ಅಣ್ಣ ಆಫ್ ಮಾಡ್ತಾರೆ, ಲ್ಯಾನ್ ಸ್ವಿಚ್ಚಿಗೆ ಸರ್ಜ್ ಪ್ರೊಟೆಕ್ಟರ್ ಬೇರೆ. ನಿಮ್ಮದು ಎಪ್ರಿಲ್‌ನಲ್ಲೇ ಶುರು ಅಂದಿರಿ, ಗುಡುಗಿನ ಸಮಯಕ್ಕೇ ಸರಿಯಾಗಿ. ನಿಮ್ಮ ಫ್ಲೋರಿನ ಅರ್ತಿಂಗ್ ಚೆಕ್ ಮಾಡಿಸಿದ್ದೀರಾ?