ದುಡ್ಡಿನಿಂದ ಅಧಿಕಾರವೋ, ಅಧಿಕಾರದಿಂದ ದುಡ್ಡೋ?

ಪ್ರಶ್ನೆ: ಬಂಡವಾಳಶಾಹಿಯಲ್ಲಿ ಬೆಲೆ ಕಟ್ಟುವುದು ಮಾರುಕಟ್ಟೆ, ರಾಜಕೀಯದವರು ಆಮೇಲೆ ಬಂದು ಪಾಲು ಕೇಳುತ್ತಾರೆ ಅಷ್ಟೇ ಅಂತಾರಲ್ಲ, ನಿಜವಾ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಅರ್ಧ ಮಾತ್ರ ನಿಜ. ನಿಮ್ಮ ಸುತ್ತಲಿನ ಕಬ್ಬಿಣದ ಅದಿರನ್ನೇ ತಗೊಳ್ಳಿ. ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದಾಗ ಅದಿರಿನ ರಫ್ತು ಬೆಲೆ ಟನ್ನಿಗೆ ಸಾವಿರಾರು ರೂಪಾಯಿ ಆಯಿತು. ಅದು ಮಾರುಕಟ್ಟೆ ಮಾಡಿದ್ದು, ಒಪ್ಪೋಣ. ಆದರೆ ಜನರ ಆಸ್ತಿಯಾದ ಆ ಅದಿರಿಗೆ ಗಣಿಯವರು ಸರ್ಕಾರಕ್ಕೆ ಕಟ್ಟುತ್ತಿದ್ದ ರಾಯಲ್ಟಿ ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. ಬೆಲೆ ಎಷ್ಟು ಏರಿದರೂ ಅದು ಏರಲಿಲ್ಲ, ಯಾಕಂದ್ರೆ ದರ ಇದ್ದದ್ದು ಟನ್ ಲೆಕ್ಕದಲ್ಲಿ. ಬೆಲೆಯ ಶೇ 10 ಅಂತ ಬದಲಾಗಿದ್ದು 2009ರ ಆಗಸ್ಟಿನಲ್ಲಿ. ನಡುವಿನ ಆ ದೊಡ್ಡ ಅಂತರ ಯಾರ ಜೇಬಿಗೆ ಹೋಗಬೇಕು ಅಂತ ತೀರ್ಮಾನಿಸಿದ್ದು ಮಾರುಕಟ್ಟೆ ಅಲ್ಲ, ದೆಹಲಿಯ ಒಂದು ಆದೇಶ.

ಆ ದುಡ್ಡು ಸುಮ್ನೆ ಕೂರುತ್ತದಾ? 2008ರಲ್ಲಿ ಗಣಿ ಉದ್ಯಮಿ ಜನಾರ್ದನ ರೆಡ್ಡಿ ರಾಜ್ಯದ ಸಚಿವರಾದರು. 2009ರ ನೆರೆ ಸಂತ್ರಸ್ತರಿಗಾಗಿ ಅದಿರು ಲಾರಿಗೆ 1,000 ರೂಪಾಯಿ ಹಾಕಲು ಮುಖ್ಯಮಂತ್ರಿ ಯಡಿಯೂರಪ್ಪ ಹೊರಟಾಗ ರೆಡ್ಡಿ ಸಹೋದರರು ವಿರೋಧಿಸಿದರು, ಸ್ವಲ್ಪ ದಿನದಲ್ಲೇ ಅವರ ಬಣದ ಶಾಸಕರು ರೆಸಾರ್ಟ್ ಸೇರಿದರು, ಸರ್ಕಾರ ಅಲುಗಾಡಿತು, ಸಚಿವೆ ಶೋಭಾ ಕರಂದ್ಲಾಜೆ ರಾಜೀನಾಮೆ ಕೊಡಬೇಕಾಯಿತು. ಬಂಡಾಯಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ನೋಡಿ, ಯಾರ ಮೇಲೆ ತೆರಿಗೆ ಬೀಳಬೇಕೋ ಅವರೇ ಸಂಪುಟದಲ್ಲಿ ಕೂತಿದ್ದರು! ನನಗೆ ಇವತ್ತಿಗೂ ಸಿಟ್ಟು ಬರುವುದು ಇಲ್ಲೇ. ಕಾನೂನು ಮುರಿದಿದ್ದು ಆಮೇಲಿನ ಮಾತು, ಕಾನೂನುಬದ್ಧವಾಗಿ ಬಂದ ಲಾಭವೇ ಒಂದು ಸರ್ಕಾರವನ್ನು ಅಲುಗಾಡಿಸುವಷ್ಟಿತ್ತು.

ಹಾಗಂತ ದುಡ್ಡಿನ ಮುಂದೆ ಏನೂ ನಡೆಯಲ್ಲ ಅನ್ನಬೇಡಿ. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆಯ ಎಸ್.ಆರ್. ಹಿರೇಮಠರು ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಆ ಅಕ್ರಮದಿಂದ ಸರ್ಕಾರಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ನಷ್ಟ ಅಂತ ಲೆಕ್ಕ ಹಾಕಿತು. ಅದೇ ತಿಂಗಳು ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ನಿಂತಾಗ ಲಾರಿ ಓಡಿಸುತ್ತಿದ್ದವರು, ಕೂಲಿಗಳು ಕೆಲಸ ಕಳೆದುಕೊಂಡರು, ಅದನ್ನೂ ಮರೆಯುವಂತಿಲ್ಲ.

2015ರಲ್ಲಿ ಕಾನೂನು ತಿದ್ದಿ ಗುತ್ತಿಗೆಗೆ ಹರಾಜು ತಂದರು, ಗಣಿಯಿಂದ ತೊಂದರೆಯಾದ ಊರುಗಳಿಗೆ ಜಿಲ್ಲಾ ಖನಿಜ ನಿಧಿಯೂ ಬಂತು. ಈಗ ಪೈಪೋಟಿ ಆ ನಿಧಿಯ ಸುತ್ತಲೂ ಇರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಅದರ ದುಡ್ಡು ಧೂಳು ಕುಡಿದ ಊರುಗಳಿಗೆ ಹೋಗಿದೆಯಾ, ಬೇರೆ ಕಡೆಯ ಕಟ್ಟಡಗಳಿಗೆ ಹೋಗಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ಕೇಳಿ.